ಟ್ರಂಕಿನಿಂದ ಮೊಬೈಲಿಗೆ: ದಾಖಲೆಗಳು ಎಷ್ಟು ಭದ್ರ?

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾದಾಗ ಕಾಡಿನ ನಡುವೆ ಒಂದು ಊರೇ ತಲೆ ಎತ್ತಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೌಕರರ ಸಂಸಾರಗಳು ಗಂಟುಮೂಟೆ ಕಟ್ಟಿ ದಿಕ್ಕಿಗೊಂದರಂತೆ ಚದುರಿದವು. ಊರು ಖಾಲಿಯಾಯಿತು ನಿಜ. ಆದರೆ ಅಲ್ಲಿ ಹುಟ್ಟಿ, ಓದಿ ಬೆಳೆದವರಿಗೆ ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ, ಅಂಕಪಟ್ಟಿಗಳು ಬೇಕಾಗುವುದು ತಪ್ಪುವುದಿಲ್ಲವಲ್ಲ!

ಇಂಥ ಕಾಗದಗಳಿಗೆ ಮಲೆನಾಡಿನ ಮನೆಗಳಲ್ಲಿ ಟ್ರಂಕೇ ಭದ್ರ ಸ್ಥಳ. ಆದರೆ ಕಾಗದವೆಂದರೆ ಸೆಲ್ಯುಲೋಸ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಗೆದ್ದಲಿಗಂತೂ ಅದು ಹಬ್ಬದೂಟ. ಹೀಗಾಗಿ ಕಂಪ್ಯೂಟರ್ ದಾಖಲೆ ನಿಜಕ್ಕೂ ವರದಾನ. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗಳನ್ನು ಕರ್ನಾಟಕದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿಯೇ ಕಂಪ್ಯೂಟರಿಗೆ ಏರಿಸಿತು. 2015ರಲ್ಲಿ ಕೇಂದ್ರ ಸರ್ಕಾರದ ಡಿಜಿಲಾಕರ್ ಬಂದಿತು.

ಎರಡು ಬಗೆಯ ದಾಖಲೆ

ಡಿಜಿಲಾಕರಿನಲ್ಲಿ ಎರಡು ಬಗೆಗಳಿವೆ. ಪರೀಕ್ಷಾ ಮಂಡಳಿ, ಸಾರಿಗೆ ಇಲಾಖೆಯಂಥ ಸಂಸ್ಥೆಗಳು ತಾವೇ ನೀಡುವ ದಾಖಲೆ ಮೊದಲನೆಯದು. ಇದಕ್ಕೆ ಕಾನೂನಿನಲ್ಲಿ ಮೂಲಪ್ರತಿಯ ಮಾನ್ಯತೆಯಿದೆ. ನಾವೇ ಫೋಟೊ ತೆಗೆದು ಸೇರಿಸಿದ್ದು ಎರಡನೆಯದು. ಅದು ಬರೀ ನಕಲು. ಕಾಲೇಜು ಪ್ರವೇಶದ ದಿನ ಈ ವ್ಯತ್ಯಾಸ ತಿಳಿದರೆ ಹೊತ್ತು ಮೀರಿರುತ್ತದೆ. ಹಳೆಯ ವರ್ಷಗಳ ಅಂಕಪಟ್ಟಿಗಳೆಲ್ಲ ಅಲ್ಲಿ ಇದ್ದೇ ಇರುತ್ತವೆಂದೂ ಭಾವಿಸಬಾರದು.

ಬೀಗದ ಕೈ ಯಾರಲ್ಲಿ?

ಈ ಪೆಟ್ಟಿಗೆಗಳ ಬೀಗದ ಕೈ ಮೊಬೈಲ್ ಸಂಖ್ಯೆ. ಒಟಿಪಿ ಬರುವುದು ಅಲ್ಲಿಗೇ. ಬಳಸದೆ ಬಿಟ್ಟ ಸಿಮ್ ರದ್ದಾಗುತ್ತದೆ. ರದ್ದಾಗಿ 90 ದಿನ ಕಳೆದ ಮೇಲೆ ಆ ಸಂಖ್ಯೆ ಬೇರೊಬ್ಬರ ಪಾಲಾಗಬಹುದು. ಹಾಸ್ಟೆಲಿಗೆ ಹೋದ ಮಗ ಹೊಸ ಸಿಮ್ ಕೊಂಡರೆ, ಆಧಾರ್‌ನಲ್ಲಿ ಹೊಸ ಸಂಖ್ಯೆ ಸೇರಿಸುವವರೆಗೆ ಹಳೆಯದನ್ನು ಬಿಡಬಾರದು.

ಉಚಿತ ಸೇವೆಗಳೂ ಶಾಶ್ವತವಲ್ಲ. ನಮ್ಮ ಯುವಕರ ಅಚ್ಚುಮೆಚ್ಚಿನ ಆರ್ಕುಟ್ 2014ರಲ್ಲಿ ಮುಚ್ಚಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿತು.

'ಕ್ಲೌಡ್' ಎಂಬ ಹೆಸರು ಕೇಳಿ ದಾಖಲೆಗಳು ಆಕಾಶದಲ್ಲಿವೆ ಎಂದುಕೊಳ್ಳಬೇಕಿಲ್ಲ. ಅವು ಇರುವುದು ಭೂಮಿಯ ಮೇಲಿನ ಯಾವುದೋ ಕಟ್ಟಡದ ಯಂತ್ರಗಳಲ್ಲಿ. ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರಿನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಒಂದು ವ್ಯವಸ್ಥೆಗೆ ಬೇರೆಡೆ ಪ್ರತಿಯೇ ಇರಲಿಲ್ಲ. 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಮುಂದಿರುವ ದೇಶದ್ದೇ ಈ ಪಾಡು!

ಮೂರು ಪ್ರತಿಯ ಸೂತ್ರ

ಪರಿಹಾರ ಕಷ್ಟದ್ದೇನಲ್ಲ. ಮುಖ್ಯ ದಾಖಲೆಗೆ ಮೂರು ಪ್ರತಿ ಇರಲಿ. ಮೂಲ ಕಾಗದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮನೆಯಲ್ಲಿರಲಿ. ಸ್ಕ್ಯಾನ್ ಮಾಡಿದ್ದು ಆನ್‌ಲೈನಿನಲ್ಲಿರಲಿ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಪ್ರಮಾಣಪತ್ರಗಳ ನೋಂದಣಿ ಸಂಖ್ಯೆ, ದಿನಾಂಕ, ಕೊಟ್ಟ ಕಚೇರಿಯ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಗದ ಕಳೆದರೂ ಸಂಖ್ಯೆಯಿದ್ದರೆ ಕಚೇರಿಯಲ್ಲಿ ಹುಡುಕುವುದು ಸುಲಭ.

ಮಳೆಗಾಲದಲ್ಲಿ ಕರೆಂಟು ಹೋಗಿ ಸಿಗ್ನಲ್ ಸಿಗದ ಬೆಟ್ಟದೂರಿನ ಮಕ್ಕಳಿಗಂತೂ ಇದು ಅತ್ಯಗತ್ಯ. ಫಲಿತಾಂಶ ಬರುವ ಮೊದಲೇ, ಒಂದು ಭಾನುವಾರ ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತರೆ ಈ ಕೆಲಸ ಮುಗಿದುಹೋಗುತ್ತದೆ.