ಕಂಬದ ಬುಡದಲ್ಲಿ ಝಗಮಗ, ನಡುವೆ ಕತ್ತಲೆ: ಬೀದಿ ದೀಪದ ಬೆಳಕು ಅಳೆಯೋದು ಹೇಗೆ?

ಹಳೇ ಟ್ಯೂಬ್‌ಲೈಟ್, ಸೋಡಿಯಂ ದೀಪ ಬಿಚ್ಚಿ ಎಲ್‌ಇಡಿ ಹಾಕಿದ ಬೀದಿಗಳಲ್ಲಿ ಒಂದು ದೂರು ಕೇಳಿಬರೋದು ಮಾಮೂಲಿ: ‘ಲೈಟೇನೋ ಜೋರಾಗಿದೆ, ಆದ್ರೆ ರಸ್ತೆ ಕಾಣಲ್ಲ.’ ದೂರಿನಲ್ಲಿ ಅರ್ಥ ಇದೆ. ಕಂಬದ ಕೆಳಗಿನ ಪ್ರಖರ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ, ಎರಡು ಕಂಬಗಳ ನಡುವಿನ ಕತ್ತಲೆ ಇನ್ನೂ ಗಾಢವಾಗಿ ಕಾಣುತ್ತೆ. ರಸ್ತೆ ಗುಂಡಿ, ಮಲಗಿದ ದನ, ಶಟರ್ ಪಕ್ಕ ನಿಂತವರು, ಯಾವುದೂ ಗೊತ್ತಾಗಲ್ಲ.

ನೆಲದ ಮೇಲೆ ಬೀಳುವ ಬೆಳಕಿನ ಅಳತೆಗೆ ಲಕ್ಸ್ ಅಂತಾರೆ. ಭಾರತೀಯ ಮಾನಕ ಐಎಸ್ 1944ರ ಪ್ರಕಾರ ಅಂಗಡಿ ಬೀದಿ ಮತ್ತು ಊರೊಳಗಿನ ಮುಖ್ಯ ರಸ್ತೆಗಳಲ್ಲಿ ಸರಾಸರಿ 8 ಲಕ್ಸ್ ಇರಬೇಕು. ಸಂಚಾರ ಕಡಿಮೆ ಇರುವ ಬೀದಿಗೆ 4 ಸಾಕು. ಎರಡಕ್ಕೂ ಇನ್ನೊಂದು ಷರತ್ತಿದೆ, ಅದರ ಬಗ್ಗೆ ಕೇಳುವವರೇ ಕಡಿಮೆ: ಅತಿ ಕಡಿಮೆ ಬೆಳಕಿರುವ ಜಾಗದ ಲಕ್ಸ್ ಅನ್ನು ಸರಾಸರಿಯಿಂದ ಭಾಗಿಸಿದರೆ ಕನಿಷ್ಠ 0.3 ಬರಬೇಕು.

ಉದಾಹರಣೆಗೆ, ಒಂದು ಕಂಬದಿಂದ ಇನ್ನೊಂದರವರೆಗೆ ಸಮ ಅಂತರದಲ್ಲಿ ಒಂಬತ್ತು ಕಡೆ ಅಳೆದಾಗ 27, 16, 7, 3, 2, 3, 8, 16, 26 ಬಂತು ಅನ್ನಿ. ಸರಾಸರಿ 12. ಕಾಗದದ ಮೇಲೆ ಪಾಸ್! ಆದರೆ 2 ಭಾಗಿಸು 12 ಅಂದ್ರೆ ಸುಮಾರು 0.17. ಸಮತೆಯಲ್ಲಿ ಫೇಲು.

ಅಳೆಯೋದು ಕಷ್ಟವಿಲ್ಲ. ಅಂಗಡಿ ಬೋರ್ಡುಗಳೆಲ್ಲ ಆರಿದ ಮೇಲೆ, ಬೆಳದಿಂಗಳಿಲ್ಲದ ರಾತ್ರಿ, ಲಕ್ಸ್ ಮೀಟರನ್ನು ನೆಲದ ಮೇಲೆ ಮಟ್ಟಸವಾಗಿಡಿ. ನಿಮ್ಮ ನೆರಳು ಬೀಳಬಾರದು, ಗಾಡಿ ಹೆಡ್‌ಲೈಟೂ ಬೀಳಬಾರದು. ರಸ್ತೆಯ ನಡುವೆ ಒಂದು ಸಾಲು, ಎರಡೂ ಅಂಚಿನಲ್ಲಿ ಒಂದೊಂದು ಸಾಲು ಅಳೆದರೆ ಚಿತ್ರ ಪೂರ್ತಿ ಸಿಗುತ್ತೆ. ಮೊಬೈಲ್ ಆ್ಯಪ್ ನಡೆಯುತ್ತಾ? ಅಂದಾಜಿಗೆ ಆದೀತು. ಎರಡು ಮೂರು ಲಕ್ಸ್‌ನಷ್ಟು ಮಂದ ಬೆಳಕಲ್ಲಿ ಅದರ ಲೆಕ್ಕ ನಂಬೋ ಹಾಗಿಲ್ಲ.

ನಡುವೆ ಯಾಕೆ ಕತ್ತಲೆ? 8 ಮೀಟರ್ ಎತ್ತರದ ಕಂಬಗಳು 30 ಮೀಟರ್ ದೂರದಲ್ಲಿವೆ ಅಂದುಕೊಳ್ಳಿ. ದೀಪ ಎಲ್ಲ ದಿಕ್ಕಿಗೂ ಒಂದೇ ಸಮ ಬೆಳಕು ಬಿಟ್ಟರೂ, ದೂರ ಹೆಚ್ಚಿ ಬೆಳಕು ಓರೆಯಾಗಿ ಬೀಳೋದ್ರಿಂದ ನಡುಮಧ್ಯಕ್ಕೆ ಒಂದು ದೀಪದಿಂದ ತಲುಪೋದು ಬುಡದಲ್ಲಿರುವುದರ ಹತ್ತನೇ ಒಂದು ಪಾಲು. ಎರಡೂ ದೀಪ ಸೇರಿದರೆ ಐದನೇ ಒಂದು. ಅದಕ್ಕೇ ಒಳ್ಳೆ ಬೀದಿ ದೀಪದ ಲೆನ್ಸ್ ಬೆಳಕನ್ನು ಬುಡಕ್ಕಿಂತ ರಸ್ತೆಯುದ್ದ ಅಕ್ಕಪಕ್ಕಕ್ಕೆ ಹೆಚ್ಚು ತಳ್ಳುತ್ತೆ.

ಹಾಗಾಗಿ ‘ವಾಟ್ ಜಾಸ್ತಿ ಮಾಡಿ’ ಅಂತ ಅರ್ಜಿ ಕೊಟ್ಟರೆ ಕರೆಂಟ್ ಬಿಲ್ ಏರುತ್ತೆ ಅಷ್ಟೇ. ಲೆನ್ಸ್ ಅದೇ ಇದ್ದರೆ ಬುಡದಲ್ಲೂ ನಡುವೆಯೂ ಬೆಳಕು ಒಂದೇ ಪ್ರಮಾಣದಲ್ಲಿ ಹೆಚ್ಚುತ್ತೆ, 0.17 ಹಾಗೇ ಉಳಿಯುತ್ತೆ. ಲೆನ್ಸ್ ಸರಿಯಿರುವ ದೀಪ, ಸರಿಯಾದ ಎತ್ತರ, ನಡುವೆ ಇನ್ನೊಂದು ಕಂಬ, ಕೆಲವೆಡೆ ಬರೀ ಮರದ ಕೊಂಬೆ ಸವರಿದರೂ ಸಾಕು.

ಪುರಸಭೆಗೋ ಗ್ರಾಮ ಪಂಚಾಯಿತಿಗೋ ಬರೆಯುವಾಗ ಕಂಬದ ನಂಬರ್ ಜೊತೆ ಈ ಅಳತೆಗಳನ್ನೂ ಹಾಕಿ. ಹೊಸ ದೀಪ ಹಾಕಿದ್ದರೆ, ಗುತ್ತಿಗೆದಾರರ ಬಿಲ್ ಪಾಸಾಗುವ ಮುಂಚೆ ಲಕ್ಸ್ ಅಳೆದಿದ್ದಾರಾ, ನಡುಮಧ್ಯದಲ್ಲಿ ಎಷ್ಟು ಬಂತು ಅಂತ ಕೇಳಿ.