‘ನಾಟ್ ರೀಚಬಲ್’ ಅಂದ್ರೆ ಗಾಬರಿ ಬೇಡ ಕಣ್ರೀ!

ರಾತ್ರಿ ಎಂಟು ಗಂಟೆ. ಒಲೆಯ ಮೇಲೆ ಸಾರು ಕುದೀತಿದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗಳು ‘ಟ್ರೈನ್ ಹತ್ತಿದೆ ಅಮ್ಮ’ ಅಂತ ಹೇಳಿ ಒಂದೂವರೆ ಗಂಟೆಯಾಯಿತು. ಎಲ್ಲಿದ್ದಾಳೋ ಕೇಳೋಣ ಎಂದು ಫೋನ್ ಮಾಡಿದರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತದೆ ಒಂದು ಹೆಣ್ಣು ದನಿ. ಐದು ನಿಮಿಷ ಬಿಟ್ಟು ಮಾಡಿದರೆ ‘ಸ್ವಿಚ್ ಆಫ್’! ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಕೆಜಿಎಫ್, ಬಂಗಾರಪೇಟೆ ಕಡೆಯ ಗೃಹಿಣಿಯರಿಗೆ ಇದು ಹೊಸದಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿನ ಜೊತೆ ಹೋಗಿ ಬರುತ್ತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ನಿಂತು ನಿಂತು ಬರುವ ಬೆಳಗಿನ ರೈಲು ಹತ್ತಿದವರು ಮನೆ ಸೇರುವುದು ರಾತ್ರಿಯೇ. ಅಲ್ಲಿಯವರೆಗೆ ನಮಗೂ ಅವರಿಗೂ ಇರುವ ದಾರವೆಂದರೆ ಈ ಮೊಬೈಲ್ ಒಂದೇ. ಹಾಗಿದ್ದ ಮೇಲೆ ಆ ದಾರ ಎಲ್ಲಿ ತುಂಡಾಗುತ್ತದೆ, ಹೇಗೆ ಗಂಟು ಹಾಕಬೇಕು ಅಂತ ನಮಗೂ ಗೊತ್ತಿರಬೇಡವೇ? ‘ಅದೆಲ್ಲ ಮಗನಿಗೆ ಗೊತ್ತು’ ಎಂದು ಕೈ ತೊಳೆದುಕೊಳ್ಳಬೇಡಿ. ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸಲು ಬರುವವರಿಗೆ ಇದೇನೂ ಕಷ್ಟವಲ್ಲ!

ಆ ದನಿ ಹೇಳುವುದೇನು?

ಫೋನನ್ನು ನಾವೇ ಸ್ವಿಚ್ ಆಫ್ ಮಾಡಿದರೆ, ಆರುವ ಮುಂಚೆ ಅದು ಟವರ್‌ಗೆ ‘ನಾನು ಹೊರಟೆ’ ಎಂದು ಒಂದು ಸಂದೇಶ ಕಳಿಸುತ್ತದೆ. ಆಗ ಕರೆ ಮಾಡಿದವರಿಗೆ ‘ಸ್ವಿಚ್ ಆಫ್’ ಎಂದು ಕೇಳಿಸುತ್ತದೆ. ಆದರೆ ರೈಲು ಟೇಕಲ್ ಹತ್ತಿರದ ಬಂಡೆಗುಡ್ಡಗಳ ನಡುವೆ ಹೋಗುವಾಗ ಸಿಗ್ನಲ್ ತಪ್ಪಿತು ಅನ್ನಿ. ಫೋನ್ ಏನೂ ಹೇಳದೆ ಮಾಯವಾಗಿರುತ್ತದೆ. ನೆಟ್‌ವರ್ಕ್ ಅದನ್ನು ಕೂಗಿ ಕೂಗಿ, ಉತ್ತರ ಬಾರದಿದ್ದಾಗ ‘ನಾಟ್ ರೀಚಬಲ್’ ಎನ್ನುತ್ತದೆ. ಬಹಳ ಹೊತ್ತು ಉತ್ತರ ಸಿಗದಿದ್ದರೆ ಅದೂ ಬೇಸತ್ತು, ಆರಿರಬೇಕು ಎಂದು ಬರೆದುಕೊಳ್ಳುತ್ತದೆ. ಹಾಗಾಗಿ ಮೊದಲು ‘ನಾಟ್ ರೀಚಬಲ್’, ಆಮೇಲೆ ‘ಸ್ವಿಚ್ ಆಫ್’ ಬಂದರೆ ಯಾರೋ ಫೋನ್ ಕಿತ್ತುಕೊಂಡು ಆರಿಸಿದರು ಅಂತಲ್ಲ. ಸಿಗ್ನಲ್ ಇಲ್ಲದೆಯೂ ಹೀಗಾಗಬಹುದು, ಬ್ಯಾಟರಿ ಮುಗಿದಿದ್ದರೂ ಆಗಬಹುದು.

ಹಾಗಂತ ಸುಮ್ಮನೆ ಕೂರಬೇಕೇ? ಬೇಡ. ಒಂದು ಎಸ್ಸೆಮ್ಮೆಸ್ ಕಳಿಸಿ. ಸಿಗ್ನಲ್ ಸಿಕ್ಕ ಕೂಡಲೇ ಅದು ಮುಟ್ಟುತ್ತದೆ, ಇಂಟರ್‌ನೆಟ್ ಕೂಡ ಬೇಕಿಲ್ಲ. ಮಾಲೂರು ಬಿಟ್ಟಾಗ ಒಂದು ಮೆಸೇಜ್, ಬಂಗಾರಪೇಟೆ ಬಂದಾಗ ಒಂದು ಮೆಸೇಜ್ ಎಂದು ಮಕ್ಕಳ ಜೊತೆ ಮೊದಲೇ ಮಾತಾಡಿಕೊಳ್ಳಿ. ಅದೇ ರೈಲಿನಲ್ಲಿ ಬರುವ ಒಬ್ಬ ಗೆಳತಿಯ ನಂಬರನ್ನೂ ಬರೆದಿಟ್ಟುಕೊಳ್ಳಿ. ಅದು ಬೇರೆ ಕಂಪನಿಯ ಸಿಮ್ ಆಗಿದ್ದರೆ ಇನ್ನೂ ಒಳ್ಳೆಯದು.

ನಾನೇ ‘ನಾಟ್ ರೀಚಬಲ್’ ಆದಾಗ!

ಈಗ ನನ್ನದೇ ಒಂದು ಪಜೀತಿ ಕೇಳಿ. ಒಮ್ಮೆ ಮದುವೆಗೆಂದು ಕುಪ್ಪಂಗೆ ಹೋಗಿದ್ದೆ. ಛತ್ರದಲ್ಲಿ ಸಿಗ್ನಲ್ ಬರಲಿಲ್ಲ. ತಂಗಿಯ ಮಗ ‘ಕೊಡಿ ದೊಡ್ಡಮ್ಮ’ ಎಂದು ಫೋನ್ ತೆಗೆದುಕೊಂಡು ಏನೋ ಒತ್ತಿದ, ಕಡ್ಡಿಗಳು ಬಂದವು. ಸಂಜೆ ಬಂಗಾರಪೇಟೆಗೆ ಬಂದೆ, ಅಡುಗೆಗೆ ಇಟ್ಟೆ, ಫೋನ್ ಫ್ರಿಡ್ಜ್ ಮೇಲೆ ಸುಮ್ಮನೆ ಕೂತಿತ್ತು. ಅವತ್ತೇ ಮಗಳ ರೈಲು ದಾರಿಯಲ್ಲಿ ಗಂಟೆಗಟ್ಟಲೆ ನಿಂತಿತ್ತಂತೆ. ಪಾಪ, ಎಷ್ಟು ಸಲ ಮಾಡಿದರೂ ಅಮ್ಮ ಸಿಗುತ್ತಿಲ್ಲ. ಬಿ.ಪಿ. ಇರುವ ಅಮ್ಮ ಒಬ್ಬಳೇ ಮನೆಯಲ್ಲಿ! ಕೊನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದಾಗಲೇ ನನಗೆ ಗೊತ್ತಾಗಿದ್ದು. ಬಾಗಿಲು ತೆಗೆದವಳ ಕೈಯಲ್ಲಿ ಲಟ್ಟಣಿಗೆ, ಅವರ ಮುಖದಲ್ಲಿ ಗಾಬರಿ. ಅವತ್ತು ರಾತ್ರಿ ಮಗಳು ಬಂದವಳೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನಾವು ಮಾತ್ರ ಕಾಯುವವರು ಅಂದುಕೊಂಡಿರುತ್ತೇವೆ, ಆ ಕಡೆಯಿಂದಲೂ ಕಾಯುತ್ತಿರುತ್ತಾರೆ ಅನ್ನುವುದು ಮರೆತೇಹೋಗಿರುತ್ತದೆ.

ಆಗಿದ್ದೇನು ಗೊತ್ತೇ? ಹುಡುಗ ನೆಟ್‌ವರ್ಕನ್ನು ಕೈಯಿಂದ ಆರಿಸಿ ಆಂಧ್ರದ ಟವರ್‌ಗೆ ಕಟ್ಟಿಹಾಕಿದ್ದ. ಕುಪ್ಪಂನಲ್ಲಿ ಅದು ಸರಿಯೇ. ಮನೆಗೆ ಬಂದ ಮೇಲೂ ಫೋನ್ ಅದೇ ಟವರ್ ಹುಡುಕುತ್ತಾ ಕೂತಿತ್ತು. ಪರದೆಯ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿತ್ತು, ನಾನು ನೋಡಿರಲಿಲ್ಲ ಅಷ್ಟೇ.

ಸೆಟ್ಟಿಂಗ್ಸ್‌ಗೆ ಹೋಗಿ. ‘ಸಿಮ್’ ಅಥವಾ ‘ಮೊಬೈಲ್ ನೆಟ್‌ವರ್ಕ್’ ಒತ್ತಿ. ಅಲ್ಲಿ ‘ನೆಟ್‌ವರ್ಕ್ ಆಪರೇಟರ್ಸ್’ ಎಂದಿರುವಲ್ಲಿ ‘ಆಟೋಮ್ಯಾಟಿಕ್’ ಇರಲಿ. ಫೋನಿನ ಕಂಪನಿಗೆ ತಕ್ಕಂತೆ ಹೆಸರು ಸ್ವಲ್ಪ ಆಚೀಚೆ ಆಗಬಹುದು.

ಗಡಿಯಲ್ಲಿ ರೋಮಿಂಗ್ ಕಾಟ

ನಮ್ಮದು ಗಡಿ ಸೀಮೆ. ಬಂಗಾರಪೇಟೆಯಿಂದ ಕುಪ್ಪಂ ಕಡೆ ಹೊರಟರೆ ಕಾಮಸಮುದ್ರ ದಾಟಿದ ಮೇಲೆ ಆಂಧ್ರ. ಆ ಕಡೆ ತಮಿಳುನಾಡೂ ದೂರವಿಲ್ಲ. ಮೊಬೈಲ್ ಲೆಕ್ಕದಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಬೇರೆ ಬೇರೆ ಸರ್ಕಲ್‌ಗಳು. ಟವರ್‌ಗೆ ಗಡಿಯ ಕಲ್ಲು ಕಾಣುವುದಿಲ್ಲ, ಹಾಗಾಗಿ ಗಡಿ ಹತ್ತಿರ ಫೋನ್ ಆ ಕಡೆಯ ಟವರ್ ಹಿಡಿಯುವುದುಂಟು. ಕೆಲವು ಫೋನ್‌ಗಳು ಇದನ್ನು ರೋಮಿಂಗ್ ಎಂದು ಲೆಕ್ಕ ಹಾಕುತ್ತವೆ. ‘ಡೇಟಾ ರೋಮಿಂಗ್’ ಆಫ್ ಆಗಿದ್ದರೆ ಮಾತು ಬರುತ್ತದೆ, ವಾಟ್ಸ್ಆ್ಯಪ್ ಮಾತ್ರ ನಿಂತುಹೋಗುತ್ತದೆ. ಮೊದಲೆಲ್ಲ ರೋಮಿಂಗ್ ಅಂದರೆ ದುಡ್ಡು ಕಡಿತ, ಆ ಭಯದಲ್ಲೇ ನಾವು ಆಫ್ ಮಾಡಿಟ್ಟಿರುತ್ತೇವೆ. ಈಗಿನ ಸಾಮಾನ್ಯ ಪ್ಯಾಕ್‌ಗಳಲ್ಲಿ ದೇಶದೊಳಗೆ ರೋಮಿಂಗ್‌ಗೆ ಬೇರೆ ಹಣವಿಲ್ಲ, ಆನ್ ಮಾಡಿಡಿ. ವಿದೇಶಕ್ಕೆ ಹೊರಟಾಗ ಮಾತ್ರ ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಬಿಲ್ ನೋಡಿ ತಲೆ ಸುತ್ತೀತು!

2ಜಿ, 4ಜಿ, 5ಜಿ: ಯಾವುದಿರಬೇಕು?

‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ ಎಂಬಲ್ಲಿ ಒಂದನ್ನೇ ಗಟ್ಟಿಯಾಗಿ ಹಿಡಿಯಬೇಡಿ. ‘4ಜಿ/3ಜಿ/2ಜಿ ಆಟೋ’ ಎಂದಿರಲಿ. ಬ್ಯಾಟರಿ ಉಳಿಯುತ್ತದೆಂದು 2ಜಿ ಮಾತ್ರ ಇಟ್ಟರೆ, ಜಿಯೋ ಸಿಮ್ ಇದ್ದವರಿಗೆ ಕರೆಯೇ ಬರುವುದಿಲ್ಲ. ಆ ಕಂಪನಿಗೆ 2ಜಿ ಇಲ್ಲವೇ ಇಲ್ಲ. 5ಜಿ ಸಿಗ್ನಲ್ ಬಂದು ಹೋಗಿ ಮಾಡುವ ಜಾಗದಲ್ಲಿ ಫೋನ್ ಅದನ್ನೇ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ, ಅಲ್ಲಿ 4ಜಿಗೆ ಇಳಿಸಿಕೊಳ್ಳಬಹುದು. ಹಾಗೆಯೇ ‘ವೋಲ್ಟೆ’ ಅಥವಾ ‘4ಜಿ ಕಾಲಿಂಗ್’ ಎಂಬ ಗುಂಡಿ ಆನ್ ಇರಲಿ. 4ಜಿಯಲ್ಲೇ ಮಾತಾಡಲು ಬೇಕಾದ್ದು ಅದೇ.

ಮನೆಯೊಳಗೆ ಸಿಗ್ನಲ್ ಇಲ್ಲವೇ?

ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೊದಲೇ! ಅಂಥ ಊರಿನಲ್ಲೂ ಅಡುಗೆಮನೆಗೆ ಬಂದರೆ ಸಿಗ್ನಲ್ ಇಲ್ಲ ಎಂಬ ದೂರು. ಕಾರಣ ಬಹಳ ಸಲ ತಲೆಯ ಮೇಲೇ ಇರುತ್ತದೆ. ತಗಡಿನ ಚಾವಣಿ, ಕಬ್ಬಿಣದ ಬೀರು, ದಪ್ಪ ಕಲ್ಲುಗೋಡೆ ಇವೆಲ್ಲ ಸಿಗ್ನಲ್ ತಡೆಯುತ್ತವೆ. ಎತ್ತರದ ಸೈನೈಡ್ ದಿಬ್ಬದ ಮರೆಯಲ್ಲಿ ಮನೆಯಿದ್ದು ಟವರ್ ಆಚೆ ಬದಿಗಿದ್ದರೂ ಅಷ್ಟೇ.

ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ರೀತಿ ತೋರಿಸುತ್ತದೆ. ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ನೋಡಿ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಅಂಕಿ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 115 ದಾಟಿದರೆ ಮಾತು ಕಡಿದು ಕಡಿದು ಬರುತ್ತದೆ. ಫೋನ್ ಹಿಡಿದು ಮನೆಯೆಲ್ಲ ಒಮ್ಮೆ ಸುತ್ತಿ. ಅಂಕಿ ಎಲ್ಲಿ ಚೆನ್ನಾಗಿದೆಯೋ, ರಾತ್ರಿ ಹೊತ್ತು ಫೋನ್ ಇಡುವ ಜಾಗ ಅದೇ ಆಗಲಿ. ಕಿಟಕಿ ಪಕ್ಕದ ಒಂದು ಸಣ್ಣ ಗೂಡು ಸಾಕು.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ‘ವೈ-ಫೈ ಕಾಲಿಂಗ್’ ಆನ್ ಮಾಡಿ. ಟವರ್ ಸಿಗದಿದ್ದರೂ ನಿಮ್ಮ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ಫೋನಿನಲ್ಲಿ ಆ ಸೌಲಭ್ಯ ಇರಬೇಕು, ಅಷ್ಟೇ.

ಕರೆ ಬರುತ್ತದೆ, ನೆಟ್ ಬರಲ್ಲ!

ಡೇಟಾ ಆನ್ ಇದೆ, ಪ್ಯಾಕ್ ಮುಗಿದಿಲ್ಲ, ಆದರೂ ಇಂಟರ್‌ನೆಟ್ ಇಲ್ಲವೆಂದರೆ ‘ಎಪಿಎನ್’ ನೋಡಿ. ಇದು ಇಂಟರ್‌ನೆಟ್‌ನ ಬಾಗಿಲಿನ ವಿಳಾಸವಿದ್ದಂತೆ. ಹೊಸ ಸಿಮ್ ಹಾಕಿದಾಗ, ಕಂಪನಿ ಬದಲಾಯಿಸಿದಾಗ ಹಳೆಯ ವಿಳಾಸವೇ ಉಳಿದುಬಿಡುವುದುಂಟು. ಜಿಯೋಗೆ ‘ಜಿಯೋನೆಟ್’, ಬಿಎಸ್ಎನ್ಎಲ್‌ಗೆ ‘ಬಿಎಸ್ಎನ್ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು. ಬರೆಯಲು ಬೇಸರವಾದರೆ ಅದೇ ಪುಟದಲ್ಲಿ ‘ರಿಸೆಟ್ ಟು ಡಿಫಾಲ್ಟ್’ ಒತ್ತಿ, ಸಾಮಾನ್ಯವಾಗಿ ಸರಿಹೋಗುತ್ತದೆ.

‘ನೆಟ್‌ವರ್ಕ್ ಸರಿ ಮಾಡ್ತೀವಿ ಮೇಡಂ’

ಸಿಗ್ನಲ್ ಸರಿಯಿಲ್ಲದ ಊರೆಂದರೆ ಕಳ್ಳರಿಗೆ ಹಬ್ಬ. ಕಂಪನಿಯವರೆಂದು ಕರೆ ಮಾಡುತ್ತಾರೆ. ‘ಸ್ಟಾರ್ 401 ಸ್ಟಾರ್ ಒತ್ತಿ, ಆಮೇಲೆ ನಾವು ಹೇಳುವ ನಂಬರ್ ಒತ್ತಿ, ಸಿಗ್ನಲ್ ಚೆನ್ನಾಗಿ ಬರುತ್ತೆ’ ಎನ್ನುತ್ತಾರೆ. ಒತ್ತಿದಿರೋ, ನಿಮಗೆ ಬರಬೇಕಾದ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಬ್ಯಾಂಕಿನವರು ಕರೆ ಮಾಡಿ ಹೇಳುವ ಒಟಿಪಿ ಕೂಡ! ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಎಚ್ಚರ ತಪ್ಪಬೇಡಿ, ಕಳ್ಳರು ಇನ್ನೊಂದು ದಾರಿ ಹುಡುಕುತ್ತಾರೆ. ಯಾರೋ ಫೋನಿನಲ್ಲಿ ಹೇಳಿದ ಕೋಡ್ ಒತ್ತುವುದೇ ಬೇಡ. ಕರೆಗಳು ಬರುವುದು ಇದ್ದಕ್ಕಿದ್ದಂತೆ ನಿಂತರೆ ಕಾಲ್ ಸೆಟ್ಟಿಂಗ್ಸ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ನೋಡಿ, ಗೊತ್ತಿಲ್ಲದ ನಂಬರ್ ಇದ್ದರೆ ಆಫ್ ಮಾಡಿ. ##002# ಒತ್ತಿದರೂ ಎಲ್ಲ ಫಾರ್ವರ್ಡ್ ರದ್ದಾಗುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇವಿಷ್ಟು ನೆನಪಿರಲಿ

* ಸಿಗ್ನಲ್ ಸಿಕ್ಕಿಹಾಕಿಕೊಂಡಂತೆ ಅನಿಸಿದರೆ ಏರೋಪ್ಲೇನ್ ಮೋಡ್ ಆನ್ ಮಾಡಿ, ಹತ್ತು ಎಣಿಸಿ ಆಫ್ ಮಾಡಿ. ಫೋನ್ ಹೊಸದಾಗಿ ಟವರ್ ಹುಡುಕುತ್ತದೆ.
* ಬೇರೆಯವರು ನಿಮ್ಮ ಸೆಟ್ಟಿಂಗ್ ಬದಲಾಯಿಸಿದರೆ ಏನು ಮಾಡಿದರೆಂದು ಕೇಳಿ, ಚೀಟಿಯಲ್ಲಿ ಬರೆದಿಡಿ.
* ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದಾಗಲೂ 112ಕ್ಕೆ ಕರೆ ಮಾಡಿ, ಬೇರೆ ಕಂಪನಿಯ ಟವರ್ ಮೂಲಕ ಹೋಗುತ್ತದೆ.
* ಮಕ್ಕಳ ನಂಬರ್ ಫೋನಿನಲ್ಲಷ್ಟೇ ಅಲ್ಲ, ಕ್ಯಾಲೆಂಡರ್ ಹಿಂದೆಯೂ ಬರೆದಿರಲಿ.

ಇವತ್ತು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಫೋನ್ ಒಮ್ಮೆ ನೋಡಿಬಿಡಿ. ಸಂಜೆ ಮಗಳ ಕರೆ ಬಂದಾಗ ಮೊದಲ ರಿಂಗಿಗೇ ಎತ್ತುವಂತಿರಬೇಕು. ‘ಬಂಗಾರಪೇಟೆ ಬಂತು ಅಮ್ಮ, ಅನ್ನಕ್ಕಿಡು’ ಅಂತ ಕೇಳಿದ ಮೇಲೆ ಎದೆಯ ಭಾರ ಇಳಿಯುತ್ತದಲ್ಲ, ಅದಕ್ಕಿಂತ ಇನ್ನೇನು ಬೇಕು ಹೇಳಿ?