ತೋಟದೊಳಗಿಂದ ಬಂದ ಕಾದಂಬರಿಗಳು



ಕೊಳೆರೋಗ, ಮೈಲುತುತ್ತ, ಗೊಬ್ಬರದ ದರಗಳ ನಡುವೆ ಕಾದಂಬರಿಕಾರರೊಬ್ಬರ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ನಮ್ಮಂತೆಯೇ ಕಾಫಿ ಬೆಳೆಗಾರರಾಗಿದ್ದರು ಎಂಬುದು ಒಂದು ಕಾರಣ. ತೋಟದ ಬದುಕೇ ಅವರ ಬರವಣಿಗೆಗೆ ಬಂಡವಾಳವಾಯಿತು ಎಂಬುದು ಅದಕ್ಕಿಂತ ದೊಡ್ಡ ಕಾರಣ.

1938ರಲ್ಲಿ ಹುಟ್ಟಿದ ತೇಜಸ್ವಿ ಕುವೆಂಪು ಅವರ ಹಿರಿಯ ಮಗ. ತಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಮಗನೂ ಮೈಸೂರಿನಲ್ಲೇ ಓದಿದವರು. ಅಧ್ಯಾಪಕರಾಗಿ ಅಲ್ಲೇ ನೆಲೆಸಬಹುದಿತ್ತು. ಆದರೆ 1960ರ ದಶಕದಲ್ಲಿ ಅವರು ಮೂಡಿಗೆರೆಯ ಕಡೆಗೆ ಬಂದು ಕೃಷಿಗೆ ಇಳಿದರು. 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ಇದರಿಂದ ಬರವಣಿಗೆಗೆ ಏನು ಲಾಭವಾಯಿತು? ಪಟ್ಟಣದ ಮೇಷ್ಟರಿಗೆ ದಿನವೂ ಸಿಗುವವರು ಹೆಚ್ಚಾಗಿ ತಮ್ಮಂತಹ ಓದಿದವರೇ. ತೋಟದವನಿಗೆ ಆ ಅನುಕೂಲವಿಲ್ಲ. ಆಳು, ಲಾರಿ ಡ್ರೈವರ್, ಬೇಟೆಗಾರ, ವ್ಯಾಪಾರಿ, ಕಚೇರಿಯ ಗುಮಾಸ್ತ ಎಲ್ಲರೊಡನೆಯೂ ಮಾತನಾಡದೆ ಒಂದು ದಿನವೂ ಸಾಗದು. ತೇಜಸ್ವಿಯವರ ಪಾತ್ರಗಳು ಬಂದದ್ದು ಈ ಒಡನಾಟದಿಂದ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ಆಗ ಪ್ರಬಲವಾಗಿದ್ದ ನವ್ಯ ಸಾಹಿತ್ಯದ ದಾರಿಯನ್ನು ಬಿಟ್ಟು ಹೊರಟರು. ಅದರಲ್ಲಿನ ತಬರನು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಪಹಣಿಯ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಯಾವ ರೈತನಿಗೂ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

1980ರಲ್ಲಿ ಬಂದ ‘ಕರ್ವಾಲೊ’ದ ನಿರೂಪಕ ಒಬ್ಬ ಕೃಷಿಕ. ಕಥೆ ಶುರುವಾಗುವುದು ಜೇನು ಸೊಸೈಟಿಯ ಸುತ್ತ. ನಮ್ಮಂತಹ ಸಹಕಾರಿಗಳಿಗೆ ಇದು ಸಂತೋಷದ ವಿಷಯವೇ. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ ಮಂದಣ್ಣನನ್ನು ಊರವರು ದಡ್ಡನೆಂದೇ ತಿಳಿದಿದ್ದಾರೆ. ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುತ್ತಾರೆ. ಕಾಡು ಬಲ್ಲ ಆಳೊಬ್ಬ ನಮ್ಮ ಎಷ್ಟು ತೋಟಗಳಲ್ಲಿಲ್ಲ? ಅವನನ್ನು ಕೂಲಿಯ ಲೆಕ್ಕದಲ್ಲಿ ಮಾತ್ರ ನೋಡಿದರೆ ಕಾದಂಬರಿಯೂ ಹುಟ್ಟದು, ನಮ್ಮ ತಿಳಿವಳಿಕೆಯೂ ಬೆಳೆಯದು.

ತಂದೆಗೂ ಮಗನಿಗೂ ಇರುವ ವ್ಯತ್ಯಾಸವೂ ಗಮನಾರ್ಹ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ತೋರಿಸುತ್ತದೆ. ಮಗ ಬರೆದದ್ದು ತಮ್ಮ ಕಾಲದ ಮಲೆನಾಡನ್ನು: ಧಾರಣೆ, ದಲ್ಲಾಳಿ, ಜಾತಿಯ ಕಚ್ಚಾಟ, ಕರಗುತ್ತಿರುವ ಕಾಡು.

ಅವರ ಎರಡು ಕಾದಂಬರಿಗಳಲ್ಲಿ ಕಾಫಿಗಿಂತ ಏಲಕ್ಕಿಗೆ ಹೆಚ್ಚಿನ ಸ್ಥಾನವಿದೆ. 1985ರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಇಳುವರಿಯ ಕುಸಿತ ಮತ್ತು ಒಬ್ಬ ವಿಜ್ಞಾನಿಯ ಸಾವಿನ ತನಿಖೆ ನಡೆಯುತ್ತದೆ, ಇದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ನಲ್ಲಿ ಸುರೇಶ ಮತ್ತು ಗೌರಿ ಎಂಬ ಬೆಳೆಗಾರ ದಂಪತಿಗಳು ಏಲಕ್ಕಿ ಮಾರಿದ ಒಂದೇ ದಿನದಲ್ಲಿ ಭಯಂಕರ ಜಾಲಕ್ಕೆ ಸಿಲುಕುತ್ತಾರೆ. ಕಾರಣ ಬೆಳೆಗಾರನಿಗೆ ಊಹಿಸಲು ಕಷ್ಟವಲ್ಲ ಎಂದು ನನ್ನ ಭಾವನೆ. ಕಾಫಿ ಬಹುಕಾಲ ಕಾಯ್ದೆಯ ಪ್ರಕಾರ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಏಲಕ್ಕಿಯಾದರೋ ತೂಕ ಕಡಿಮೆ, ಬೆಲೆ ಹೆಚ್ಚು. ಒಂದು ಚೀಲದಲ್ಲಿ ವರ್ಷದ ದುಡಿಮೆಯನ್ನು ಹೊತ್ತು ಬಸ್ಸು ಹತ್ತಬಹುದು. ಹಾಗೆ ಹತ್ತಿದವನ ಎದೆಬಡಿತ ಬಲ್ಲವರೇ ಆ ಕಾದಂಬರಿ ಬರೆಯಲು ಸಾಧ್ಯ.

ಹಾಗೆಂದು ಕಾದಂಬರಿ ಬದುಕಿನ ನಕಲಲ್ಲ. ‘ಚಿದಂಬರ ರಹಸ್ಯ’ದ ಕೆಸರೂರು ಕಲ್ಪನೆಯ ಊರು. ‘ಕರ್ವಾಲೊ’ದ ಹಾರುವ ಓತಿ ಕೊನೆಗೂ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಅನುಭವ ಬೀಜ ಮಾತ್ರ. ಅದನ್ನು ಗಿಡ ಮಾಡುವುದು ಲೇಖಕನ ಆಲೋಚನೆ.

ಇಂದು ನಮ್ಮ ಸದಸ್ಯರ ಮಕ್ಕಳು ಅನೇಕರು ಬೆಂಗಳೂರಿನ ಕುರುಬರಹಳ್ಳಿ, ರಾಜಾಜಿನಗರಗಳ ಬಾಡಿಗೆ ಮನೆಗಳಲ್ಲಿದ್ದಾರೆ. ತೋಟದಲ್ಲಿ ಬುದ್ಧಿಗೆ ಕೆಲಸವಿಲ್ಲ ಎಂಬ ಭಾವನೆ ಅವರಲ್ಲಿ ಕೆಲವರಿಗಿದೆ. ಅದನ್ನು ಅವರಿಗೆ ಕಲಿಸಿದವರು ಬಹುಪಾಲು ನಾವೇ. ಅವರು ಮರಳಿ ಬರಲಿ, ಬಿಡಲಿ, ಅದು ಅವರವರ ಅನುಕೂಲ. ಆದರೆ ಮುಂದಿನ ಸಲ ಕಾಫಿಪುಡಿ, ಅಡಿಕೆ ಕಳಿಸುವಾಗ ಅದೇ ಚೀಲದಲ್ಲಿ ಒಂದು ‘ಕರ್ವಾಲೊ’ ಇಟ್ಟು ಕಳಿಸೋಣ. ಕಳಿಸುವ ಮುನ್ನ ನಾವೂ ಒಮ್ಮೆ ಓದೋಣ.

— ಕಾರ್ಯದರ್ಶಿ